ಅಜ್ಜಿಯ ಎಡಗಾಲಿನ ಚಪ್ಪಲಿ

ಕಾರು ಕೆಟ್ಟರೆ ಮೊದಲು ಮೂಗಿಗೆ ತಿಳಿಯುತ್ತಿದ್ದ ಕಾಲ ಅದು. ಈಗಿನಂತೆ ಕೆಂಪು ದೀಪ ಹಚ್ಚಿ, ಕೂಗಿ ಹೇಳುವ ಕಾರುಗಳು ನಮ್ಮ ಅಂತೂರ ಬೆಂತೂರದ ಕಡೆ ಇನ್ನೂ ಬಂದಿರಲಿಲ್ಲ. ನಮ್ಮ ಮನೆಗೆ ಬಂದದ್ದು ಅಪ್ಪ ಲಕ್ಷ್ಮೇಶ್ವರದ ಪರಿಚಯದವರೊಬ್ಬರಿಂದ ತಂದ ಹಳೆಯ ಬಿಳಿ ಕಾರು. "ಹದಿನೈದು ದಿನ ಓಡಿಸಿ ನೋಡ್ರಿ ಮಾಸ್ತರ್ರ. ಮನಸಿಗೆ ಬರಲಿಲ್ಲಂದ್ರ ತಂದು ಬಿಡ್ರಿ" ಎಂದು ಅವರು ಹೇಳಿದ್ದರಂತೆ. ನನಗಾಗ ಒಂಬತ್ತು ವರ್ಷ. ದಿನಾ ಬೆಳಗ್ಗೆ ಕ್ಯಾಲೆಂಡರ್ ನೋಡಿಯೇ ಹಲ್ಲುಜ್ಜಲು ಹೋಗುತ್ತಿದ್ದೆ.

ಆದರೆ ಕಾರು ನನಗಿಂತ ಹೆಚ್ಚು ಬೇಕಾಗಿದ್ದದ್ದು ಅಜ್ಜಿಗೆ. ಮೊಣಕಾಲು ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾಗದೆ, ಕೊರ್ಲಹಳ್ಳಿಯಲ್ಲಿದ್ದ ತಂಗಿಯ ಮುಖ ನೋಡಿ ಅವಳಿಗೆ ನಾಲ್ಕು ವರ್ಷವಾಗಿತ್ತು. ಕಾರು ಅಂಗಳಕ್ಕೆ ಬಂದ ದಿನವೇ, ಬರುತ್ತೇನೆಂದು ತಂಗಿಗೆ ಖಬರು ಕಳಿಸಿದಳು. ಜೊತೆಗೆ ತನ್ನ ಕರಿಯ ರಬ್ಬರ್ ಚಪ್ಪಲಿಗಳಲ್ಲಿ ಎಡಗಾಲಿನದನ್ನು ತಂತಿಯಿಂದ ಮುಂದಿನ ಬಂಪರಿಗೆ ಕಟ್ಟಿದಳು. ಊರವರ ಕಣ್ಣು, ಅವಳ ಮಾತಿನಲ್ಲಿ ಹೇಳುವುದಾದರೆ ನೆದರು, ಗಾಡಿಗೆ ತಾಗಬಾರದಲ್ಲ!

"ಹೊಸಾ ಚಪ್ಪಲಿ ನಡಿಯಂಗಿಲ್ಲ, ಸವದಿರಬೇಕು" ಎಂಬುದು ಅವಳ ಕಾನೂನು. ಅವಳ ಚಪ್ಪಲಿಯಂತೂ ಹೆಬ್ಬೆರಳಿನ ಕಡೆ ತೂತು ಬಿದ್ದು, ಕಿತ್ತ ಬಾರಿಗೆ ಪಿನ್ನು ಚುಚ್ಚಿದ್ದರೂ ನಡೆಯುತ್ತಲೇ ಇತ್ತು.

ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಪ್ಪ ಅದನ್ನು ನೋಡಿದವನೇ ಬಿಚ್ಚಿ ಮೂಲೆಗೆ ಒಗೆದ. "ಯವ್ವಾ, ನನ್ನ ಸಾಲಿ ಹುಡುಗ್ರು ನಗ್ತಾರ" ಎಂದ. ಅಜ್ಜಿ ಅದನ್ನೆತ್ತಿ ಧೂಳು ಕೊಡವಿ ತನ್ನ ಹಾಸಿಗೆಯ ಕೆಳಗೆ ಇಟ್ಟುಕೊಂಡಳು. ಅಷ್ಟಕ್ಕೆ ಸೋಲುವವಳಲ್ಲ ಅವಳು.

ಹನ್ನೆರಡನೆಯ ದಿನ ಭಾನುವಾರ, ಕೊರ್ಲಹಳ್ಳಿಗೆ ಹೋಗುವುದೆಂದು ಗಟ್ಟಿಯಾಯಿತು. ಹಿಂದಿನ ಸಂಜೆ ಅಜ್ಜಿ ಚಪ್ಪಲಿ, ತಂತಿ ಎರಡನ್ನೂ ನನ್ನ ಕೈಗಿಟ್ಟು ಪಿಸುಗುಟ್ಟಿದಳು: "ನೀ ಸಣ್ಣಾಕಿ ಅದಿ, ಗಾಡಿ ಕೆಳಗ ನುಸುಳು. ಹಿಂದಿನ ಕಡೆ, ನಿಮ್ಮಪ್ಪಗ ಕಾಣದಂಗ ಕಟ್ಟು."

ಕೆಳಗೆ ತೆವಳಿದೆ. ಕೈಗೆ ಸಿಕ್ಕಿದ್ದು ಒಂದು ತಣ್ಣಗಿನ, ಧೂಳು ಹಿಡಿದ ಪೈಪು. ಮೂರು ಸುತ್ತು ಸುತ್ತಿ ಬಿಗಿದೆ.

"ಗಟ್ಟಿ ಕಟ್ಟೀದಿ?"

"ಹ್ಞೂಂ, ಅಲ್ಲಾಡಂಗಿಲ್ಲ!"

ಬೆಳಗ್ಗೆ ಅವ್ವ ಬಿಸಿ ರೊಟ್ಟಿ, ಗುರೆಳ್ಳ ಚಟ್ನಿ, ಡಬ್ಬಿ ತುಂಬ ಗೋಧಿ-ಬೆಲ್ಲದ ಸಿಹಿ ಮಾದ್ಲಿ ಕಟ್ಟಿಕೊಂಡು ಅಪ್ಪನ ಪಕ್ಕ ಕೂತಳು. ಹಿಂದೆ ನಾನು, ಅಜ್ಜಿ. ಕಣ್ಣು ಮುಚ್ಚಿಕೊಂಡು ವಾಸನೆಯಿಂದಲೇ ಎಲ್ಲಿದ್ದೇವೆಂದು ಹೇಳುವುದು ನಮ್ಮಿಬ್ಬರ ಆಟ. ಮಿರ್ಚಿ ಭಜಿ ಕರಿದ ವಾಸನೆ ಬಂದರೆ ಗದಗ ದಾಟುತ್ತಿದ್ದೇವೆ. ಎಳೆಯ ಜೋಳದ ತೆನೆ ಸುಟ್ಟ ವಾಸನೆ ಬಂದರೆ ಯಾರದೋ ಹೊಲದಲ್ಲಿ ಸೀತನಿ.

"ಈಗ?" ಎಂದೆ.

"ಯಾರೋ ಟೈರು ಸುಡಾಕತ್ತಾರ" ಎಂದಳು ಅಜ್ಜಿ.

ಆ ಹೊಲ ದಾಟಿದೆವು, ಎರಡು ಊರು ದಾಟಿದೆವು. ಟೈರು ಸುಡುವವರು ನಮ್ಮ ಜೊತೆಗೇ ಬಂದರು.

ಅಪ್ಪ ಕಾರು ನಿಲ್ಲಿಸಿದ. ಬಾನೆಟ್ ಎತ್ತಿ ಫ್ಯಾನ್ ಬೆಲ್ಟ್ ಒತ್ತಿ ನೋಡಿದ. ಬ್ರೇಕು ಹಿಡಿದುಕೊಂಡಿದೆಯೇ ಎಂದು ನಾಲ್ಕೂ ಗಾಲಿಗಳ ಹತ್ತಿರ ಕೈ ಹಿಡಿದ. ಎಲ್ಲ ಸರಿಯಾಗಿಯೇ ಇತ್ತು. ಹೊರಟರೆ ಮತ್ತೆ ಅದೇ ನಾತ. ಅಪ್ಪನ ಮುಖ ಇಳಿಯಿತು. "ಕೆಟ್ಟ ಗಾಡಿ ನನ್ನ ಕೊರಳಿಗೆ ಗಂಟು ಹಾಕ್ಯಾರ. ಮುಂಡರಗ್ಯಾಗ ತೋರಿಸೋಣ. ಕ್ಲಚ್ ಸುಟ್ಟಿದ್ರ ನಾಳೆನ ಲಕ್ಷ್ಮೇಶ್ವರಕ್ಕ ಬಿಟ್ಟು ಬರ್ತೀನಿ" ಎಂದ.

"ಅಂದ್ರ ಕೊರ್ಲಹಳ್ಳಿ?" ಎಂದಳು ಅಜ್ಜಿ. ಅವಳು ಮಾದ್ಲಿ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು. ನೆದರು ಅಷ್ಟು ಜೋರಿದ್ದರೆ ಚಪ್ಪಲಿಯನ್ನು ಇನ್ನೊಂದು ಸುತ್ತು ಬಿಗಿಯಬೇಕಿತ್ತು ಎಂದುಕೊಂಡೆ.

ಮುಂಡರಗಿಯ ಮೆಕ್ಯಾನಿಕ್ ವಯಸ್ಸಾದವರು. ಬಾನೆಟ್ ಮುಟ್ಟಲೇ ಇಲ್ಲ. ಎಂಜಿನ್ ಚಾಲೂ ಇಡಿಸಿ, ಮೂಸುತ್ತ ಕಾರಿನ ಸುತ್ತ ಒಂದು ಸುತ್ತು ಬಂದರು. ಹಿಂದೆ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದರು. ಎಂಜಿನ್ ಆರಿಸಿ, ಚಹಾ ಕುಡಿದು, ಪೈಪು ಆರಿದ ಮೇಲೆ ಗೋಣಿಚೀಲ ಹಾಸಿ ಕೆಳಗೆ ಹೋದರು. ಹೊರಬಂದಾಗ ಕೈಯಲ್ಲಿ ಕರಗಿದ ಕರಿಯ ಮುದ್ದೆ.

"ಸೈಲೆನ್ಸರ್ ಪೈಪಿಗೆ ಚಪ್ಪಲಿ ತೊಡಿಸೀರಲ್ರೀ ಮಾಸ್ತರ್ರ! ಅದಕ್ಕೇನು ಕಾಲು ಸುಡತಿತ್ತೇನ್ರಿ?"

ಮುದ್ದೆಯಲ್ಲಿ ಅಂಟಿದ್ದ ಪಿನ್ನಿನ ಗುರುತು ಅಪ್ಪನಿಗೆ ಹತ್ತಿತು. ನನಗೆ ಅಳು ಬಂತು. "ಅಪ್ಪಾ, ಕಟ್ಟಿದ್ದು ನಾನ."

"ಕೂಸಿಗೆ ಬೈಬ್ಯಾಡ. ಕಟ್ಟಿಸಿದಾಕಿ ನಾ" ಎಂದು ಅಜ್ಜಿ ಕಾರಿನೊಳಗಿಂದಲೇ ಹೇಳಿದಳು. ಅಷ್ಟಕ್ಕೇ ಬಿಡದೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು: "ಆದ್ರ ಖರೆ ಹೇಳು, ಗಾಡಿಗೆ ಏನರ ಆತೇನು? ಬಂದ ನೆದರೆಲ್ಲಾ ಚಪ್ಪಲಿ ಮ್ಯಾಲ ಹೋತಿಲ್ಲ?"

ಅಪ್ಪ ಬಾಯಿ ತೆರೆದ. ವಿಜ್ಞಾನ ಬರಲಿಲ್ಲ, ನಗು ಬಂತು. ನಕ್ಕು ನಕ್ಕು ಕಾರಿಗೆ ಒರಗಿದ.

ಮೆಕ್ಯಾನಿಕ್ ಅಂಟಿಕೊಂಡಿದ್ದ ರಬ್ಬರನ್ನು ಸ್ಕ್ರೂ ಡ್ರೈವರಿನಿಂದ ಕೆರೆದು, ತಂತಿ ಬ್ರಷ್ಷಿನಿಂದ ಉಜ್ಜಿದರು. "ಇನ್ನೆರಡು ದಿನ ಸ್ವಲ್ಪ ನಾತ ಬರತೈತಿ, ಅಂಜಬ್ಯಾಡ್ರಿ" ಎಂದರು. ಮಧ್ಯಾಹ್ನದ ಹೊತ್ತಿಗೆ ಕೊರ್ಲಹಳ್ಳಿ ಮುಟ್ಟಿದೆವು. ಅಕ್ಕತಂಗಿಯರು ಒಬ್ಬರ ಕೈ ಒಬ್ಬರು ಹಿಡಿದು ಕೂತರು. ಮಾದ್ಲಿಗೂ ರಬ್ಬರಿನ ವಾಸನೆ ಹತ್ತಿತ್ತು. ಆದರೂ ಡಬ್ಬಿ ಖಾಲಿಯಾಯಿತು.

ಮರುದಿನ ಅಪ್ಪ ಅಜ್ಜಿಯ ಬಲಗಾಲಿನ ಚಪ್ಪಲಿಯನ್ನು ತಾನೇ ಮುಂದಿನ ಬಂಪರಿಗೆ ಕಟ್ಟಿದ. "ಇಲ್ಲಿ ಬಿಸಿ ತಾಗಂಗಿಲ್ಲ" ಎಂದು ಪಾಠ ಹೇಳುವವನಂತೆ ನನಗೆ ತೋರಿಸಿದ. ಹದಿನೈದನೆಯ ದಿನ ಬಂದು ಹೋದದ್ದು ಮನೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ಅಜ್ಜಿ ಇರುವವರೆಗೂ ಆ ಕಾರಿನಲ್ಲೇ ತಂಗಿಯ ಊರಿಗೆ ಹೋಗಿ ಬಂದಳು.

ಈಗ ನನ್ನ ಕಾರಿನ ಗಾಜು ಸದಾ ಏರಿಸಿಯೇ ಇರುತ್ತದೆ. ಒಳಗೆ ಯಾವುದೋ ಅತ್ತರಿನ ಪರಿಮಳ. ಮುಂಡರಗಿ ದಾರಿಯಲ್ಲಿ ಮಗಳಿಗೆ ಕಣ್ಣು ಮುಚ್ಚಿಸಿ, "ಈಗ ಎಲ್ಲಿ ಅದೀವಿ ಹೇಳು" ಎಂದರೆ, "ಕಾರನ್ಯಾಗ" ಎನ್ನುತ್ತಾಳೆ. ಅವಳದೇನು ತಪ್ಪು?

ಹೋದ ತಿಂಗಳು ಈ ಕಾರು ಮನೆಗೆ ಬಂದಾಗ ಅಜ್ಜಿ ಬಹಳ ನೆನಪಾದಳು. ಬಂಪರಿಗೆ ಒಂದನ್ನು ಕಟ್ಟೋಣವೆಂದು ಚಪ್ಪಲಿಯ ಕಪಾಟನ್ನೆಲ್ಲ ಹುಡುಕಿದೆ. ಹನ್ನೊಂದು ಜೋಡಿ ಇದ್ದವು. ಅಜ್ಜಿಯ ಕಾನೂನಿಗೆ ಒಪ್ಪುವಷ್ಟು ಸವೆದದ್ದು ಒಂದೂ ಇರಲಿಲ್ಲ.