ಹಿಂದೆ ಮುಖ ಮಾಡಿ ಕಲಿತ ದಾರಿ

ಬೆಳಗಿನ ಐದೂವರೆ. ಅಥಣಿ ಕಡೆಯ ಸತ್ತಿ ಊರಿನ ಹೊರಗೆ, ಎರಡು ಕಬ್ಬಿನ ತೋಟಗಳ ನಡುವಿನ ಬದುವಿನ ಮೇಲೆ ಸುಜಾತಾ ಸೈಕಲ್ ನಿಲ್ಲಿಸುತ್ತಾರೆ. ಎರಡೂ ಕಾಲು ನೆಲಕ್ಕೂರಿ, ಕತ್ತು ತಿರುಗಿಸಿ, ಬಂದ ದಾರಿಯನ್ನೊಮ್ಮೆ ನೋಡುತ್ತಾರೆ. ಹಿಂದೆ ಒಂದು ಪಂಪಿನ ಮನೆ, ಅದರ ಪಕ್ಕ ವಾಲಿದ ಕರೆಂಟಿನ ಕಂಬ. ಸರಿ ಇದೆ ಎನ್ನುವಂತೆ ತಲೆಯಾಡಿಸಿ, ಎಡಕ್ಕೆ ಹೊರಳಿ ಕಬ್ಬಿನೊಳಗೆ ಮರೆಯಾಗುತ್ತಾರೆ. ಆಮೇಲೆ ಕೇಳಿಸುವುದು ಖಾಲಿ ಹಾಲಿನ ಡಬ್ಬಿಗಳ ಸದ್ದಷ್ಟೇ.

"ಮುಂದ ನೋಡಿದ್ರ ನನಗ ಈ ದಾರಿ ಗುರುತ ಹತ್ತೂದಿಲ್ರಿ," ಎನ್ನುತ್ತಾರೆ. "ಹಿಂದ ನೋಡಿದ್ರ ಹತ್ತತೈತಿ."

ಅದಕ್ಕೆ ಕಾರಣ ಅವರ ತಂದೆ ಮಾಳಸಿದ್ದ. ಮೂವತ್ತೊಂದು ವರ್ಷ ಈ ಬದುಗಳ ಮೇಲೆ ಸೈಕಲ್ ತುಳಿದು, ತೋಟದ ಮನೆಗಳ ಹಾಲನ್ನು ರಸ್ತೆ ಬದಿಯ ಡೈರಿ ಕೇಂದ್ರಕ್ಕೆ ಮುಟ್ಟಿಸಿದವರು. ಚಿಕ್ಕಂದಿನಲ್ಲಿ ಸುಜಾತಾ ಅಪ್ಪನ ಜೊತೆ ಹೋಗುತ್ತಿದ್ದರು. ಕ್ಯಾರಿಯರ್‌ನ ಎರಡೂ ಬದಿ ಡಬ್ಬಿ ಇರುವುದರಿಂದ ಕಾಲು ಇಳಿಬಿಡಲು ಜಾಗವಿರಲಿಲ್ಲ. ಹಾಗಾಗಿ ಅಪ್ಪ ಮಗಳನ್ನು ಹಿಮ್ಮುಖವಾಗಿ ಕೂರಿಸುತ್ತಿದ್ದರು. ಐದನೆಯ ವಯಸ್ಸಿನಿಂದ ಹತ್ತರವರೆಗೆ ಆ ಹುಡುಗಿ ಕಂಡದ್ದು ದೂರ ಸರಿಯುವ ದಾರಿಯನ್ನು ಮಾತ್ರ. ಬೆನ್ನಿಗೆ ಅಪ್ಪನ ಬೆನ್ನು ತಾಗಿರುತ್ತಿತ್ತು.

ಈಗ ಸುಜಾತಾಗೆ ಮೂವತ್ತನಾಲ್ಕು. ದಿನಕ್ಕೆ ಹದಿನಾಲ್ಕು ಮನೆ, ಹತ್ತೊಂಬತ್ತು ಕಿಲೋಮೀಟರ್, ಹೆಚ್ಚುಕಡಿಮೆ ಅರವತ್ತು ಲೀಟರ್. ಡೈರಿಯ ಗಾಡಿ ಏಳು ಹತ್ತಕ್ಕೆ ಬರುತ್ತದೆ, ಕಾಯುವುದಿಲ್ಲ. ಹೆಚ್ಚಿನವು ಒಂದೆರಡು ಎಮ್ಮೆ ಕಟ್ಟಿಕೊಂಡ ಸಣ್ಣ ಮನೆಗಳು. ಮಳೆಗಾಲದಲ್ಲಿ ಬದುವಿನ ಮೇಲೆ ಮೋಟಾರ್‌ಸೈಕಲ್ ಹೂತುಹೋಗುತ್ತದೆ. ಸೈಕಲ್ಲಾದರೆ ಡಬ್ಬಿ ಇಳಿಸಿ, ಎತ್ತಿ ದಾಟಿಸಬಹುದು.

ಮಾಳಸಿದ್ದರಿಗೆ ಸೈಕಲ್ ಬರೀ ಹೊಟ್ಟೆಪಾಡಾಗಿರಲಿಲ್ಲ. ಕೇಂದ್ರದಲ್ಲಿ ಹಾಲು ಅಳೆಯುವ ಹಳೆಯ ಜೊತೆಗಾರ ರಾವಸಾಹೇಬ ನೆನೆಯುತ್ತಾರೆ: "ಹಾಲ ಇಳಿಸಿದ ಮ್ಯಾಲ ಮಂದಿ ಮನಿಗಿ ಹೋಗತಾರ. ಇವ ಖಾಲಿ ಸೈಕಲ್ ತಗೊಂಡ ಅಷ್ಟ ದೂರ ಉಗಾರಕ್ಕ ಹೊಂಟಾನ. ಏನ್ ಕೆಲಸಲೇ ಅಂದ್ರ, ಏನಿಲ್ಲೋ, ಗಾಳಿ ಚಲೋ ಐತಿ ಅಂದಾನ. ಗಾಳಿ ನಮ್ಮೂರಾಗ ಇಲ್ಲೇನ್ರಿ?"

ಮಗಳ ಮದುವೆಗೂ ಸೈಕಲ್ಲೇ ಅಳತೆಗೋಲು. ಚಿಕ್ಕೋಡಿಯಿಂದ ಒಂದು ಸಂಬಂಧ ಬಂದಿತ್ತು. ಮಾಳಸಿದ್ದ ಹಾಲು ಮುಟ್ಟಿಸಿ ಅಲ್ಲಿಂದಲೇ ಸೈಕಲ್ ಹತ್ತಿ ಹೋಗಿ, ಹೊತ್ತು ಮುಳುಗುವಾಗ ತಿರುಗಿ ಬಂದರು. "ಹುಡುಗ ಚಲೋ ಅದಾನ, ಚಾ ಸುದ್ದಾ ಚಲೋ ಮಾಡ್ಯಾರ, ದೂರ ಭಾಳ ಅಂದ," ಎಂದು ಸುಜಾತಾ ನಗುತ್ತಾರೆ. "ಮಗಳನ್ನ ನೋಡಿ ಹಾಲಿನ ವ್ಯಾಳ್ಯಾಕ್ಕ ತಿರುಗಿ ಬರಾಕ ಆಗಬೇಕಂತ. ಅದಕ್ಕ ಊರಾಗ ಕೊಟ್ಟ." ಗಂಡ ಹಾಲೇಶ ಸತ್ತಿಯವರೇ. ಕುರಿ ಹಿಂಡಿನೊಂದಿಗೆ ವರ್ಷದಲ್ಲಿ ಏಳೆಂಟು ತಿಂಗಳು ಹೊರಗಿರುತ್ತಾರೆ. ಸೈಕಲ್ ಹೊಡೆಯಲು ಅವರಿಗೆ ಬರುವುದಿಲ್ಲ. ಮಾವ ಅಳಿಯನನ್ನು ಕೊನೆಯವರೆಗೂ ಅದೊಂದಕ್ಕೆ ಕಾಡುತ್ತಿದ್ದರಂತೆ.

ಹೋದ ವರ್ಷದ ಚಳಿಗಾಲದಲ್ಲಿ ಮಾಳಸಿದ್ದ ತೀರಿಕೊಂಡರು. ಡಬ್ಬಿ ತೊಳೆಯುತ್ತಿದ್ದವರು ಎದೆ ಹಿಡಿದುಕೊಂಡು ಕುಳಿತರು, ಮತ್ತೆ ಏಳಲಿಲ್ಲ. ಅರವತ್ಮೂರು ವರ್ಷ.

ಎರಡು ದಿನ ಕೇಂದ್ರಕ್ಕೆ ಹಾಲು ಹೋಗಲಿಲ್ಲ. ಮಾಳಸಿದ್ದರ ಡಬ್ಬಿಗಳಿಲ್ಲದಿದ್ದರೆ ಅಲ್ಲಿ ಗಾಡಿ ನಿಲ್ಲುವಷ್ಟು ಹಾಲಿಲ್ಲ. ಸತತ ಮೂರು ದಿನ ಹಾಲು ಬಾರದ ಜಾಗವನ್ನು ಗಾಡಿ ಬಿಟ್ಟುಬಿಡುತ್ತದೆ. ಒಮ್ಮೆ ಬಿಟ್ಟರೆ ಮತ್ತೆ ನಿಲ್ಲಿಸುವುದು ಸುಲಭವಲ್ಲ. ತೋಟದ ಎರಡು ಮನೆಗಳಲ್ಲಿ ಎಮ್ಮೆ ಮಾರುವ ಮಾತು ಆಗಲೇ ಎದ್ದಿತ್ತು.

ಮೂರನೆಯ ದಿನ ಮಣ್ಣು ಮಾಡಿದ ಜಾಗಕ್ಕೆ ಹಾಲು ಬಿಡಬೇಕು. ಅದು ಈ ಕಡೆಯ ರೂಢಿ. ಹದಿನಾಲ್ಕೂ ಮನೆಯವರು ತಂಬಿಗೆ ತುಂಬ ಹಾಲು ತರುತ್ತೇವೆಂದು ಹೇಳಿಕಳಿಸಿದ್ದರು. ಮಾಳಸಿದ್ದರ ಹೆಂಡತಿ ಮಲಕವ್ವ ಬೇಡವೆಂದರು. "ಮೂವತ್ತ ವರ್ಷ ಅವನ ಕೈಯಾಗ ಒಂದ್ ಹನಿ ಚೆಲ್ಲಿಲ್ಲ. ಈಗ ಅವನ ಮ್ಯಾಲೇ ತಂಬಿಗಿ ತಂಬಿಗಿ ಸುರುವಿದ್ರ ಎದ್ದ ಕುಂತ ಬೈದಾನು. ಒಂದ್ ಚಮಚಾ ಸಾಕು. ಉಳದದ್ದ ಡೈರಿಗಿ ಹೋಗ್ಲಿ."

"ಸೂತಕದ ಮನಿಯವರು ಹಾಲ ಮುಟ್ಟತಾರೇನ?" ಎಂದು ನೆಂಟರು ಕೇಳಿದರು. ಮಲಕವ್ವ ಮಗಳ ಕಡೆ ನೋಡಿದರು.

ಮೂರನೆಯ ದಿನ ಬೆಳಿಗ್ಗೆ ಸುಜಾತಾ ಅಪ್ಪನ ಸೈಕಲ್ಲಿಗೆ ಡಬ್ಬಿ ಕಟ್ಟಿ, ಇಪ್ಪತ್ಮೂರು ವರ್ಷಗಳ ಮೇಲೆ ಆ ಬದುವಿಗೆ ಹೋದರು. ಮೊದಲ ತಿರುವಿನಲ್ಲೇ ದಾರಿ ತಪ್ಪಿತು. ಎರಡೂ ಕಡೆ ಆಳೆತ್ತರದ ಕಬ್ಬು. "ಫೋನ್ ಮಾಡಿದ್ರ ತ್ವಾಟದ ಮನಿಯವ್ರು ಬೇವಿನ ಗಿಡದ ಕಡೆ ಬಾ ಅಂತಾರ. ಗಿಡ ಕಂಡ್ರ ನಾ ಯಾಕ ಫೋನ್ ಮಾಡ್ತಿದ್ದೆ?" ಅಳು ಬಂದು, ಮನೆಗೇ ಹೋಗೋಣವೆಂದು ಸೈಕಲ್ ತಿರುಗಿಸಲು ಹಿಂದೆ ನೋಡಿದಾಗ ಪಂಪಿನ ಮನೆ ಕಂಡಿತು, ಐದು ವರ್ಷ ದಿನಾ ಕಂಡ ಹಾಗೆಯೇ, ಅದೇ ಓರೆಯಲ್ಲಿ. ಅಲ್ಲಿಂದ ಪ್ರತಿ ತಿರುವಿನಲ್ಲೂ ಅವರು ನಿಂತು, ಹಿಂದೆ ನೋಡಿ, ಮುಂದೆ ಹೋದರು.

ಮೊದಲ ಮನೆ ಗಿರಿಜವ್ವನದು. ಎಪ್ಪತ್ತರ ಅಜ್ಜಿ. ಅಂಗಳದ ಅಂಚಿನಲ್ಲೇ ತಡೆದರು. "ನೀ ಮುಟ್ಟಬ್ಯಾಡ ಬೇ. ಡಬ್ಬಿ ಅಲ್ಲೇ ಇಟ್ಟ ಅತ್ಲಾಗ ಸರಿ." ಸುಜಾತಾ ಡಬ್ಬಿ ಇಳಿಸಿ, ಮುಚ್ಚಳ ತೆಗೆದು ಸರಿದು ನಿಂತರು. ಗಿರಿಜವ್ವ ಬಂದು, ಡಬ್ಬಿಗೆ ಕೈ ತಾಗದಂತೆ ಮೇಲಿಂದ ಹಾಲು ಹೊಯ್ದರು. ನಂತರ ತಮ್ಮ ಫೋನಿನಿಂದ ಮುಂದಿನ ಮನೆಗೆ ಹೇಳಿದರು: "ಮಾಳಸಿದ್ದನ ಮಗಳ ಬರಾಕತ್ತಾಳ. ಮ್ಯಾಲಿಂದ ಹಾಕ್ರಿ."

ಸೂತಕ ಕಳೆಯುವ ತನಕ ಹದಿನಾಲ್ಕೂ ಮನೆಯಲ್ಲಿ ಹಾಗೆಯೇ ನಡೆಯಿತು. ಒಬ್ಬರೂ ಹಾಲು ಇಲ್ಲವೆನ್ನಲಿಲ್ಲ.

ಆ ಮೊದಲ ದಿನ ಸುಜಾತಾ ಕೇಂದ್ರ ಮುಟ್ಟಿದಾಗ ಏಳು ಹನ್ನೆರಡು. ರಾವಸಾಹೇಬ ಗಾಡಿಯ ಚಾಲಕನಿಗೆ ಚಹಾ ಕುಡಿಸುತ್ತಾ ಕೂಡಿಸಿಕೊಂಡಿದ್ದರು. ಯಾರೋ ಸೂತಕದ ಮಾತು ತೆಗೆದರಂತೆ. "ಮಶೀನಿಗಿ ಸೂತಕಿಲ್ಲ, ಹಾಲಿನ ಫ್ಯಾಟ್ ನೋಡೂಣು ಬಾ ಅಂದ್ನಿ," ಎನ್ನುವ ರಾವಸಾಹೇಬ ಮರುಕ್ಷಣವೇ, "ಅಕಿ ಮಾರಿ ನೋಡಾಕ ಆಗಲಿಲ್ರಿ ನನಗ," ಎನ್ನುತ್ತಾರೆ. ಸುಜಾತಾ ಅಲ್ಲಿಂದ ನೇರವಾಗಿ ಅಪ್ಪನ ಮಣ್ಣಿನ ಬಳಿ ಹೋದರು. ಚಮಚ ಹಿಡಿದು ಮಲಕವ್ವ ಮಗಳಿಗಾಗಿ ಕಾಯುತ್ತಿದ್ದರು.

ಇದಾಗಿ ಹದಿನಾಲ್ಕು ತಿಂಗಳು. ಗಾಡಿ ಅಲ್ಲೇ ನಿಲ್ಲುತ್ತದೆ. ಎಮ್ಮೆ ಮಾರುವ ಮಾತೆತ್ತಿದ್ದ ಎರಡೂ ಮನೆಗಳು ಇನ್ನೂ ಹಾಲು ಕೊಡುತ್ತಿವೆ. ಮೊನ್ನೆ ಗಿರಿಜವ್ವನ ಕೊಟ್ಟಿಗೆಯಲ್ಲಿ ಮತ್ತೊಂದು ಎಮ್ಮೆ ಈದಿದೆ. ಗಿಣ್ಣಿನ ದಿನಗಳು ಮುಗಿದರೆ ಇನ್ನೂ ಐದು ಲೀಟರ್ ಬರುತ್ತದೆ, ಹಿಂದಿನ ಎರಡೂ ಡಬ್ಬಿಗಳಲ್ಲಿ ಜಾಗವಿಲ್ಲ.

ನಿಮಗೇನು ಆಸೆ ಎಂದು ಕೇಳಿದರೆ ಸುಜಾತಾ ಬಹಳ ಯೋಚಿಸುವುದಿಲ್ಲ. ಅಥಣಿಯ ವೆಲ್ಡಿಂಗ್ ಅಂಗಡಿಗೆ ಹೋಗಿ ಹ್ಯಾಂಡಲ್‌ಗೆ ಒಂದು ಕೊಕ್ಕೆ ಹಾಕಿಸಬೇಕು, ಮೂರನೆಯ ಡಬ್ಬಿ ಮುಂದೆ ತೂಗುಹಾಕಬೇಕು.

"ಅಪ್ಪಾ ಇದ್ದಿದ್ರ ಒಪ್ತಿರಲಿಲ್ಲ. ಮುಂದಿನ ಗಾಲಿ ಮ್ಯಾಲ ಭಾರ ಹಾಕಿದ್ರ ಸೈಕಲ್ ಮಾತ ಕೇಳೂದಿಲ್ಲ ಅಂತಿದ್ದ," ಎಂದು ಹೇಳಿ, ಸೆರಗಿನಿಂದ ಹ್ಯಾಂಡಲ್ ಒರೆಸುತ್ತಾರೆ. "ನನ್ನ ಮಾತ ಕೇಳತೈತ್ರಿ."