ಬ್ರಿಜ್ಜಿನ ಮ್ಯಾಲ ಕಡ್ಲಿ ರಾಶಿ

ದುರ್ಗಪ್ಪ ಏನು ಕೆಲಸ ಮಾಡತಾನ ಅಂತ ಮನೋಳಿಯೊಳಗ ಯಾರನ್ನರ ಕೇಳ್ರಿ, "ಅಂವಾ ಬ್ರಿಜ್ಜಿಗೆ ರೇನಕೋಟ್ ತೊಡಸತಾನ್ರಿ" ಅಂತ ನಕ್ಕೋತ ಹೇಳತಾರ. ನಗೂ ಮಾತಲ್ಲ, ಖರೇನ ಅಂವನ ಕೆಲಸ ಅದ. ಸಿಮೆಂಟಿನ ಬ್ರಿಜ್ ಕಟ್ಟಿ ಮುಗಿದ ಮ್ಯಾಲ, ಡಾಂಬರು ಬೀಳೂಕಿಂತ ಮೊದಲ, ನಡುವ ಒಂದು ಕರೀ ಹಾಳಿ ಹಾಸಬೇಕಾಗತೈತಿ. ಚಾಪಿ ಹಂಗ ಸುರುಳಿ ಸುತ್ತಿಕೊಂಡು ಬರೂ ದಪ್ಪನೆ ಹಾಳಿ ಅದು. ಗ್ಯಾಸಿನ ಬೆಂಕಿ ಹಿಡಿದು ಅದರ ಕೆಳಗಿನ ಮೈ ಕರಗಿಸಿಕೋತ, ಉರುಳಿಸಿಕೋತ, ಸಿಮೆಂಟಿಗೆ ಒತ್ತಿಕೋತ ಹೋಗಬೇಕು. ಒಂದು ಹಾಳಿಯ ಅಂಚಿನ ಮ್ಯಾಲ ಮತ್ತೊಂದರ ಅಂಚು ಏರಿ ಕುಂಡ್ರಬೇಕು. ಮಳಿನೀರು ಡಾಂಬರಿನ ಸಂದಿಯೊಳಗ ಇಳಿದ್ರೂ ಈ ಹಾಳಿ ದಾಟಿ ಒಳಗಿನ ಕಬ್ಬಿಣಕ್ಕ ಮುಟ್ಟಬಾರದು. ಮುಟ್ಟಿತಂದ್ರ ಕಬ್ಬಿಣ ತುಕ್ಕು ಹಿಡಿದು ಉಬ್ಬತೈತಿ, ಸಿಮೆಂಟು ಒಡದು ಗಾಯದ ಹಕ್ಕಳ ಹಂಗ ಕಳಚಿ ಬೀಳತೈತಿ.

ಇಷ್ಟೆಲ್ಲಾ ಮಾಡಿದ ಮ್ಯಾಲ ಡಾಂಬರು ಬಿತ್ತಂದ್ರ ದುರ್ಗಪ್ಪನ ಕೆಲಸ ಯಾರ ಕಣ್ಣಿಗೂ ಕಾಣಂಗಿಲ್ಲ. ಕಟ್ಟಿದವರ ಹೆಸರು ಕಲ್ಲಿನ ಮ್ಯಾಲ ಬರೀತಾರ, ಉದ್ಘಾಟನೆ ಮಾಡಿದವರ ಹೆಸರು ಅದಕ್ಕಿಂತ ದೊಡ್ಡ ಅಕ್ಷರದಾಗ ಬರೀತಾರ. ಹಾಳಿ ಹಾಸಿದವನ್ನ ಯಾರು ಕೇಳತಾರ? ಆದ್ರೂ ದುರ್ಗಪ್ಪಗ ಅದರ ಚಿಂತಿ ಇದ್ದಿಲ್ಲ. ಸೊಲ್ಲಾಪುರ, ರತ್ನಾಗಿರಿ, ಹೊಸಪೇಟಿ ಅಂತ ಮಂದಿ ಕೈಕೆಳಗ ವರ್ಷಗಟ್ಲೆ ದುಡಿದು, ಈಗ ತನ್ನದ ಒಂದು ಗ್ಯಾಂಗ್ ಕಟ್ಟಿದ್ದ. ಆ ಗ್ಯಾಂಗಿನ ಮೊದಲನೇ ಕೆಲಸಾನ ತನ್ನೂರ ಹೊರಗಿನ ಹಳ್ಳದ ಬ್ರಿಜ್ ಆಗಿ ಬಂದಿತ್ತು. ಅಲ್ಲಿದ್ದ ಹಳೇ ಬ್ರಿಜ್ಜಿನ ಬುಡಕ ಸಣ್ಣಾಂವಿದ್ದಾಗ ಅಂವಾ ಮಳಿಗೆ ನಿಂತಾಂವ. ಮ್ಯಾಲಿಂದ ತುಕ್ಕಿನ ನೀರು ಎಲಿ ಅಡಿಕಿ ಉಗುಳಿದಂಗ ಅಂಗಿ ಮ್ಯಾಲ ಬೀಳತಿತ್ತು. ಅದನ್ನ ಕೆಡವಿ ಕಟ್ಟಿದ ಈ ಹೊಸಾದ್ದರೊಳಗ ಒಂದು ಹನೀನೂ ಇಳೀಬಾರದು ಅಂತ ಅಂವಾ ಮನಸಿನಾಗ ಗಟ್ಟಿ ಮಾಡಿಕೊಂಡಿದ್ದ.

ಅಂವನ ತಾಯಿ ಶೆಟ್ಟೆವ್ವ. ಹಲ್ಲು ಹೋಗ್ಯಾವ, ಬಾಯಿ ಹೋಗಿಲ್ಲ. ಮಗಾ ಎಲ್ಲೆಲ್ಲೋ ಹಾಳಿ ಹಾಸತಾನ ಅಂತ ಕೇಳಿದ್ಲ ಹೊರತು ಒಮ್ಮೆನೂ ನೋಡಿದ್ದಿಲ್ಲ. ಈ ಸಲ ದಿನಾ ಬುತ್ತಿ ತಗೊಂಡು ಬಂದು, ಬ್ರಿಜ್ಜಿನ ಅಂಚಿಗೆ ಕುಂತು ನೋಡತಿದ್ಲು. "ಎಷ್ಟು ನುಣ್ಣಗ ಅದನೋ ಯಪ್ಪಾ, ಕಣ ಸಾರಿಸಿದಂಗ!" ಅಂತಿದ್ಲು. ಅಂವಾ ಸುಮ್ನ ನಗತಿದ್ದ. ಆ ಮಾತಿನಾಗ ಏನೈತಿ ಅಂತ ಅಂವಗ ಆವಾಗ ತಿಳೀಲಿಲ್ಲ.

ಶೆಟ್ಟೆವ್ವ ಹರೇದಾಕಿ ಇದ್ದಾಗಿಂದ ಮಂದಿ ಕಣ ಸಾರಿಸಿದಾಕಿ. ಸಗಣಿ ಬಳದು, ಹೊಡದು, ತೂರಿ, ಕಾಳು ಚೀಲಕ್ಕ ಹೋದ ಮ್ಯಾಲ, ಕಣದ ನೆಲಕ್ಕ ಹತ್ತಿ ಉಳಿದ ಮಣ್ಣುಗಾಳು ಇವರ ಓಣಿಯವರ ಪಾಲು. ಅದನ್ನ ಬಳಕೊಂಡು ಬಂದು, ಮೊರದಾಗ ಕೇರಿ, ಹರಳು ಆರಿಸಿ ಮಕ್ಕಳನ್ನ ಸಾಕಿದಾಕಿ ಅಕಿ. ಸ್ವಂತ ಕಣ ಅಂಬೋದು ಅವರ ಮನಿಗೆ ಎಂದೂ ಇದ್ದಿಲ್ಲ. ಈ ವರ್ಷ ಮಗನ ಹಿಂದ ಬಿದ್ದು, ಹಳ್ಳದ ಹತ್ರ ಒಂದು ತುಂಡು ಎರಿ ಹೊಲ ಲಾವಣಿಲೆ, ವರ್ಷದ ಗುತ್ತಿಗಿಗೆ, ಹಿಡಿಸಿ ಕಡ್ಲಿ ಬಿತ್ತಿಸಿದ್ಲು. ಕಡ್ಲಿ ಬಂದಿತ್ತೂ ಚಲೋ. ಕಿತ್ತು ಬಣವಿ ಒಟ್ಟಿದ್ರು. ರಾಶಿ ಎಲ್ಲಿ ಮಾಡೂದು ಅಂಬೋದೊಂದ ಉಳಿದಿತ್ತು.

ನಮ್ಮ ಕಡೆ ರಸ್ತೆ ಹೊಸಾದು ಆತಂದ್ರ ಮೊದಲ ಓಡಾಡೂದು ಗಾಡಿ ಅಲ್ಲ, ರಾಶಿ. ಜೋಳದ ತೆನಿ, ಕಡ್ಲಿ ಗಿಡ, ಹುಳ್ಳಿ ಹೊಟ್ಟು, ಎಲ್ಲಾ ಡಾಂಬರಿನ ಮ್ಯಾಲ. ಸುತ್ತ ಕಲ್ಲಿಟ್ರ ಮುಗೀತು, ಬಸ್ಸಿನವನೂ ಬೈಕೋತ ಸುತ್ತು ಹಾಕಿ ಹೋಗತಾನ.

ಅಮಾಸಿ ಬಂತು. ಹಿಂದಿನ ದಿನ ಸಂಜಿಮುಂದ ಗ್ಯಾಂಗಿನವರು ಯರಗಟ್ಟಿ ಬಸ್ಸು ತಪ್ಪತೈತಿ ಅಂತ ಒಂದಸವನ ಗಡಿಬಿಡಿ ಮಾಡಿದ್ರು. ದುರ್ಗಪ್ಪ ಕಡೀ ಹಾಳಿ ಉರುಳಿಸಿ, ಬರ್ನರ್ ಆರಿಸಿ, "ನಡೀರೆಪಾ" ಅಂದ. ಅಮಾಸಿ ದಿನ ಕೆಲಸ ಬಂದ್. ಕಾವಲಗಾರನೂ ಊರಿಗೆ ಹೋದ. ದುರ್ಗಪ್ಪ ಬೈಲಹೊಂಗಲಕ್ಕ ಮಗಳ ಮನಿಗೆ ಹೋಗಿ ಅಲ್ಲೇ ಉಳಿದು, ಅಮಾಸಿ ಮುಗಿದ ಮರುದಿನ ಮುಂಜಾನೆ ಬಸ್ಸಿಳಿದು ನೇರ ಬ್ರಿಜ್ಜಿಗೆ ಬಂದ.

ಬಂದು ನೋಡತಾನ, ಎದಿ ಧಸಕ್ಕಂತು. ಕರೀ ಹಾಳಿಯ ಮ್ಯಾಲ ಕಡ್ಲಿ ರಾಶಿ! ಸುತ್ತ ಚೂಪನೆ ಕಲ್ಲು, ತಾಡಪತ್ರಿ ಹಾರಬಾರದಂತ ಅದರ ಮ್ಯಾಲೂ ಕಲ್ಲು. ಟ್ರ್ಯಾಕ್ಟರ್ ತರಿಸಿ ತುಳಿಸಿದ ಗುರುತು. ಹಿಂದಿನ ದಿನದ ಬಿಸಲಿಗೆ ಮೆತ್ತಗಾದ ಹಾಳಿ ಅದು, ಗಾಲಿ ತಿರುಗಿದಲ್ಲೆಲ್ಲಾ ಕಲ್ಲು ಒಳಗ ನಟ್ಟಿದ್ವು. ನಡುವ ಶೆಟ್ಟೆವ್ವ ಮೊರ ಹಿಡಕೊಂಡು, ಮದುವಿ ಮನ್ಯಾಗಿನ ಹಿರೇಮನಷ್ಯಾಳ ಹಂಗ ನಿಂತಿದ್ಲು.

"ನೋಡ ಬಾರೋ ದುರಗ್ಯಾ! ಒಂದು ಕಾಳಿಗೂ ಮಣ್ಣು ಹತ್ತಿಲ್ಲ!"

ದುರ್ಗಪ್ಪಗ ಕಾಲಾಗಿನ ಬೆಂಕಿ ತಲಿಗೇರಿತು. ರಸ್ತೆದಾಗ ಮಂದಿ ನಿಂತಿದ್ರು, ಗ್ಯಾಂಗಿನವರು ಬಂದಿದ್ರು, ಸೈಟ್ ಎಂಜಿನಿಯರ್ ವಿರೂಪಾಕ್ಷ ಆಗ ತಾನ ಬೈಕ್ ನಿಲ್ಲಸತಿದ್ದ. ಯಾರನ್ನೂ ಲೆಕ್ಕಕ್ಕ ಹಿಡೀಲಿಲ್ಲ ದುರ್ಗಪ್ಪ.

"ಏನ್ ಮಾಡಿದಿಬೇ ಯವ್ವಾ! ನಿನಗೇನರ ಬುದ್ಧಿ ಐತೇನ? ನನ್ನ ಹೆಸರು ಹಳ್ಳಕ್ಕ ಹಾಕಿದೆಲ್ಲ! ಇದೇನ್ ನಿಮ್ಮಪ್ಪನ ಕಣ ಅಂತ ತಿಳಿದ್ಯಾ? ತಿಳೀದಿದ್ರ ಮನ್ಯಾಗ ಕುಂಡ್ರಬೇಕು!"

ಹೆತ್ತ ತಾಯಿಗೆ ಹಂಗ ಅಂದ್ನಲ್ರಿ, ಮಂದ್ಯಾಗ! ಯಾರೋ ಕಿಸಕ್ಕಂತ ನಕ್ರು. ಶೆಟ್ಟೆವ್ವನ ಮಾರಿ ಸಣ್ಣದಾತು. ಜಗಳಕ್ಕ ನಿಂತ್ರ ಓಣಿಗೆ ಓಣೀನ ನಡುಗಿಸೂ ಹೆಂಗಸು ತಲಿ ತಗ್ಗಿಸಿ ಮೊರ ಕೆಳಗಿಟ್ಲು. ಕುಂತು ಕಡ್ಲಿ ಬಳದು ಚೀಲಕ್ಕ ತುಂಬಾಕ ಹತ್ತಿದ್ಲು.

ವಿರೂಪಾಕ್ಷ ಒಳ್ಳೆ ಮನಷ್ಯಾ, ಆದ್ರ ಅವಸರದಾಂವ. "ದುರ್ಗಪ್ಪಾರ, ಆದದ್ದಾತು. ತೂತು ಕಂಡಲ್ಲೆಲ್ಲಾ ತ್ಯಾಪಿ ಹಾಕ್ರಿ. ನಾಳೆ ಮುಂಜಾನೆ ಡಾಂಬರಿನ ಗಾಡಿ ಬರತಾವ, ನಿಲ್ಲಸಾಕ ಆಗಂಗಿಲ್ಲ" ಅಂದ.

ಕಸ ಗುಡಿಸಿದ್ರು, ಕಲ್ಲು ಕಿತ್ರು, ಕಂಡ ತೂತಿನ ಸುತ್ತ ಸುಣ್ಣದಲೆ ಗುರುತು ಮಾಡಿದ್ರು. ಆದ್ರ ಕಾಣದಿದ್ದವು? ಕಡ್ಲಿ ಹೊಟ್ಟು, ಧೂಳು ಹಾಳಿಗೆ ಮೆತ್ತಿಕೊಂಡು ಕೂತಿದ್ವು. ಬಿಸಲೇರಿದಂಗ ಸಣ್ಣ ಸಣ್ಣ ತೂತು ತಾವ ಬಾಯಿ ಮುಚ್ಚಿಕೊಂಡು, ಏನೂ ಆಗೇ ಇಲ್ಲ ಅನ್ನೂವಂಗ ಕಾಣತಿದ್ವು. ದುರ್ಗಪ್ಪ ಮೊಣಕಾಲೂರಿ, ಮಾರಿ ನೆಲಕ್ಕ ಹಚ್ಚಿ ಹುಡುಕಿದ. ನಾಳೆ ಡಾಂಬರು ಬಿದ್ರ ಎಲ್ಲಾ ಮುಚ್ಚಿ ಹೋಗತೈತಿ, ಯಾರೂ ಕೇಳಂಗಿಲ್ಲ. ನೀರು ಮಾತ್ರ ತೂತು ಹುಡುಕ್ಕೊಂಡು ಹೋಗತೈತಿ. ಒಂದು ತೂತು ಉಳಿದ್ರೂ ಸಾಕು, ಮತ್ತ ಯಾವದೋ ಕೂಸಿನ ಅಂಗಿ ಮ್ಯಾಲ ತುಕ್ಕಿನ ನೀರು ಬೀಳತೈತಿ. ಅಂವಗ ಅಳು ಬರೂದೊಂದ ಬಾಕಿ ಇತ್ತು.

ಆವಾಗ ಶೆಟ್ಟೆವ್ವ ಎದ್ದು ಚಪ್ಪಲಿ ಬಿಟ್ಟು, ಸೀರಿ ನೆರಗಿ ಎತ್ತಿ ಸಿಗಿಸಿ, ಹಾಳಿ ಮ್ಯಾಲ ಬಂದ್ಲು. ಮಗನ ಕಡೆ ನೋಡಲಿಲ್ಲ. ಒಂದು ಅಂಗಾಲು ಊರಿ ಇನ್ನೊಂದನ್ನ ಮೆಲ್ಲಕ ಮುಂದ ಸವರಿಕೋತ ಹೊಂಟ್ಲು. ಕಣ ಸಾರಿಸಿದ ಮ್ಯಾಲ ಹೆಣ್ಮಕ್ಕಳು ಹಿಂಗ ಅಂಗಾಲಿಲೆ ಸವರಿ ನೋಡತಿದ್ರು. ಬಿರುಕು ಉಳಿದ್ರ ಕಾಳು ಅದರಾಗ ಇಳೀತಿತ್ತು, ಹೊಲದವರಿಂದ ಬೈಗಳ ಬೀಳತಿತ್ತು. ಆ ಬೈಗಳ ತಿಂದು ತಿಂದು ಚುರುಕಾದ ಅಂಗಾಲು ಅವು.

"ಇಲ್ಲಿ" ಅಂದ್ಲು. ದುರ್ಗಪ್ಪ ಧೂಳು ಒರಸಿ ನೋಡಿದ, ತೂತಿತ್ತು. ಗುರುತು ಹಾಕಿದ. "ಇಲ್ಲೊಂದು." ಹೌದು, ಅಲ್ಲೂ ಇತ್ತು. ಬಿಸಲಿಗೆ ಹಾಳಿ ಕಾದಿತ್ತು, ಕಾಲು ಸುಡತಿದ್ವು. "ಸಾಕ್ಬೇ ಯವ್ವಾ, ನೆಳ್ಳಿಗೆ ಬಾ" ಅಂದ. ಅಕಿ ಕೇಳಲಿಲ್ಲ. ವಿರೂಪಾಕ್ಷ ನೀರಿನ ಕೊಡ ತರಿಸಿ ಅಕಿ ಮುಂದ ಮುಂದ ನೀರು ಚಿಮುಕಿಸಾಕ ಹಚ್ಚಿದ. ರಸ್ತೆದಾಗ ನಿಂತವರ ನಗು ಯಾವಾಗ ನಿಂತಿತೋ ಯಾರಿಗೂ ಗೊತ್ತಾಗಲಿಲ್ಲ.

ರಾಶಿ ಮಾಡಿದ ಜಾಗ ಮುಗೀತು. ಆದ್ರೂ ಅಕಿ ನಿಲ್ಲಲಿಲ್ಲ, ಬ್ರಿಜ್ಜಿನ ಆ ತುದಿತನಕ ಹೋದ್ಲು. ಅಲ್ಲಿ ಅಂಚಿನ ಕಟಾಂಜನದ ಬುಡಕ ಒಂದು ಕಡೆ ಕಾಲು ತಡದ್ಲು. ಹಿಂದ ಸರದು ಮತ್ತ ಊರಿದ್ಲು. ಬಗ್ಗಿ, ಮಗನ ಕಿವಿ ಹತ್ರ ಬಾಯಿ ತಂದ್ಲು.

"ಇಲ್ಲಿ ಒಳಗ ಪೊಳ್ಳೈತಿ. ನಾ ಇಲ್ಲಿತನಕ ರಾಶಿ ತಂದಿದ್ದಿಲ್ಲೋ ಯಪ್ಪಾ."

ದುರ್ಗಪ್ಪ ಬೆರಳಿಲೆ ಬಡದು ನೋಡಿದ. ಡಬ್ ಅಂತು. ಅಂಚಿಗೆ ಉಗರು ಹಾಕಿದ್ರ ಹಾಳಿ ಹಂಗ ಎದ್ದು ಬಂತು. ಅಮಾಸಿ ಹಿಂದಿನ ದಿನ, ಬಸ್ಸಿನ ಗಡಿಬಿಡಿಯಾಗ ತಾನ ಉರುಳಿಸಿದ ಕಡೀ ಹಾಳಿ. ಸರಿಯಾಗಿ ಬೆಂಕಿ ತಾಕಿರಲಿಲ್ಲ, ಒತ್ತಿರಲಿಲ್ಲ. ಕಲ್ಲಿನ ತೂತಾದ್ರ ಬೊಟ್ಟಿನಷ್ಟು, ಇದು ಮಳಿನೀರಿಗೆ ಬಾಗಲಾನ ತಗದಿಟ್ಟಂಗ ಇತ್ತು.

"ಯವ್ವಾ, ಇದು..." ಅಂತ ದನಿ ತಗದ.

"ಸಣ್ಣಗ ಮಾತಾಡೋ," ಅಂದ್ಲು ಶೆಟ್ಟೆವ್ವ, ಸೆರಗು ಬಾಯಿಗೆ ಅಡ್ಡ ಹಿಡಿದು. "ಮಂದಿ ನಿಂತಾರ. ನಿನ್ನ ಹೆಸರು ಕೆಡತೈತಿ. ಸುಮ್ನ ತ್ಯಾಪಿ ಹಾಕು, ಇದೂ ನನ್ನ ಕಲ್ಲಿಂದ ಆತು ಅಂತ ಹೇಳ್ತೀನಿ ನಾ."

ದುರ್ಗಪ್ಪ ಅಕಿ ಕಾಲು ನೋಡಿದ. ಅಂಗಾಲು ಕೆಂಪಗ ಸುಟ್ಟು, ಹಾಳಿಯ ಕರಿ ಮೆತ್ತಿಕೊಂಡಿತ್ತು. ಮುಂಜಾನೆ ತಾನು ಎಷ್ಟು ದೊಡ್ಡ ದನಿಲೆ ಒದರಿದ್ದೆ ಅಂಬೋದು ಅಂವಗ ನೆನಪಾತು. ಎದ್ದು ನಿಂತು, ಅಷ್ಟ ದೊಡ್ಡ ದನಿ ತಗದ.

"ಸಾಹೇಬ್ರ! ಇಲ್ಲಿ ಬರ್ರಿ! ಎಲ್ಲಾರೂ ಬರ್ರಿ! ಇದು ನಮ್ಮವ್ವ ಮಾಡಿದ್ದಲ್ರಿ, ನಾ ಮಾಡಿದ್ದು. ಅಕಿ ಹುಡುಕಿಕೊಟ್ಲು!"

"ಹುಚ್ಚ ಖೋಡಿ," ಅಂದ್ಲು ಶೆಟ್ಟೆವ್ವ. ಕಣ್ಣು ತುಂಬಿದ್ವು. ಅಂವಾ ತನ್ನ ಚಪ್ಪಲಿ ಬಿಚ್ಚಿ ಅಕಿ ಕಾಲ ಮುಂದ ಇಟ್ಟು, ಹಾಳಿ ಪೂರಾ ಕೀಳಾಕ ಕುಂತ.