ಪೆನ್ಸಿಲ್ಲಿನಲ್ಲಿ ಬರೆದ ಎರಡು ತಿಂಗಳು

ಮೂವತ್ತು ವರ್ಷ ಹೆಡ್‌ಮೇಷ್ಟ್ರ ಮುಖದ ಮೇಲಿದ್ದ ದಪ್ಪ ಮೀಸೆ ಆ ಸೋಮವಾರ ಇರಲಿಲ್ಲ. ಮೂಗಿನ ಕೆಳಗೆ ಅಷ್ಟು ಜಾಗ ಮಾತ್ರ ಬಿಸಿಲು ಕಾಣದೆ ಬೆಳ್ಳಗಿತ್ತು. ನಮ್ಮ ಕಡೆ ಗಂಡಸು ಇದ್ದಕ್ಕಿದ್ದಂತೆ ಮೀಸೆ ಬೋಳಿಸಿದರೆ ಮನೆಯಲ್ಲಿ ಸಾವಾಗಿದೆ ಎಂದೇ ಲೆಕ್ಕ. ಹೆಡ್‌ಮೇಷ್ಟ್ರು ಬಸ್ಸಿಳಿದು ಶಾಲೆಯ ಗೇಟು ದಾಟುತ್ತಿದ್ದಂತೆ, ಮಗನ ಟಿಸಿಗೆಂದು ಕಾಯುತ್ತಿದ್ದ ಊರಿನ ಹೆಂಗಸೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿಯೇಬಿಟ್ಟಳು.

"ಯಾರ್ ಸಾ ತೀರೋದ್ರು?"

"ಯಾರೂ ಇಲ್ಲ ಕಣವ್ವ. ನಿನ್ನೆ ಮೀಸೆಗೆ ಬಣ್ಣ ಹಚ್ದೆ. ಮಗಳು ನೋಡಿ ಹೆದರ್ಕೊಂಡು ಒಂದೇ ಸಮ ಅತ್ಲು. ಅದು ತೊಳೆದ್ರೆ ಹೋಗೋ ಬಣ್ಣವಾ? ಬೋಳಿಸ್ಬಿಟ್ಟೆ."

ಮಗಳಿಗೆ ಆಗ ಒಂದು ವರ್ಷ. ಅವರಿಗೆ ಐವತ್ತೇಳು. ತಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತರೆ ಕಂಡಕ್ಟರಿಂದ ಹಿಡಿದು ಕಡ್ಲೆಕಾಯಿ ಮಾರುವವಳವರೆಗೆ ಎಲ್ಲರೂ "ಮೊಮ್ಮಗಳಾ ಸಾ?" ಎಂದು ಕೇಳುತ್ತಿದ್ದರಂತೆ. ಅದಕ್ಕೇ ಬಣ್ಣ. ಆಮೇಲೆ ಮೀಸೆ ಬೆಳ್ಳಗೇ ಬೆಳೆಯಿತು, ಅವರು ಬಣ್ಣದ ಸುದ್ದಿಗೆ ಹೋಗಲಿಲ್ಲ.

ನಂಜನಗೂಡಿಗೂ ನರಸೀಪುರಕ್ಕೂ ನಡುವಿನ ಹಳ್ಳಿಯೊಂದರ ಸರ್ಕಾರಿ ಶಾಲೆ ನಮ್ಮದು. ನಾನು ಈ ಕಡೆ ನಂಜನಗೂಡಿನಿಂದ ಬರುತ್ತಿದ್ದೆ, ಅವರು ಆ ಕಡೆ ನರಸೀಪುರದಿಂದ. ಮದುವೆಯಾಗಿ ಇಪ್ಪತ್ತೆರಡು ವರ್ಷ ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿಗೆ ನಲವತ್ತಮೂರು ತುಂಬಿ, ಇನ್ನು ಮುಟ್ಟು ನಿಲ್ಲುವ ಕಾಲ ಬಂತು ಎಂದುಕೊಂಡಿದ್ದಾಗ ಮೈಸೂರಿನ ಡಾಕ್ಟರು ನಾಲ್ಕು ತಿಂಗಳ ಬಸುರಿ ಎಂದರು. ಈ ವಯಸ್ಸಿನಲ್ಲಿ ಇಬ್ಬರಿಗೂ ಕಷ್ಟ, ಯೋಚನೆ ಮಾಡಿ ಹೇಳಿ ಎಂದೂ ಅಂದರು. ಆಕೆ ಹೇಳಿದ್ದನ್ನು ಹೆಡ್‌ಮೇಷ್ಟ್ರೇ ನಮಗೆ ಹೇಳಿ ನಗುತ್ತಿದ್ದರು: "ಯೋಚ್ನೆ ಮಾಡೋಕೇ ಇಪ್ಪತ್ತೆರಡು ವರ್ಷ ಆಯ್ತಲ್ಲಾ ಡಾಕ್ಟ್ರೇ, ಇನ್ನೂ ಎಷ್ಟು ಮಾಡಾದು?"

ನಾನು ನಗಲಿಲ್ಲ. ಆಗ ನನಗೆ ಇಪ್ಪತ್ತೆಂಟು, ಎರಡು ಮಕ್ಕಳ ತಾಯಿ. ಲೋಕವೆಲ್ಲ ನನ್ನ ಟೈಂಟೇಬಲ್ಲಿನ ಪ್ರಕಾರ ನಡೆಯಬೇಕು ಎಂಬ ಅಹಂಕಾರ. ಮಗುವಿನ ನಾಮಕರಣಕ್ಕೆ ಹೋಗಿ ಹೊಟ್ಟೆ ತುಂಬ ಉಂಡು ಬಂದ ಮರುದಿನ ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟೆ. "ಅರವತ್ತಕ್ಕೆ ಅರಳುಮರಳು ಅಂತಾರೆ, ಇವರಿಗೆ ನಾಲ್ಕು ವರ್ಷ ಮುಂಚೇನೇ ಬಂತು. ಮಗು ಹತ್ತನೇ ಕ್ಲಾಸಿಗೆ ಬರೋ ಹೊತ್ತಿಗೆ ಅಪ್ಪನಿಗೆ ಎಪ್ಪತ್ತು. ಯಾರ ಸುಖಕ್ಕೆ ಹೆತ್ತರೋ!"

ಯಾರೂ ನಗದಿದ್ದಾಗ ತಿರುಗಿ ನೋಡಿದೆ. ಹೆಡ್‌ಮೇಷ್ಟ್ರು ಚಾಕ್‌ಪೀಸಿನ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಎಪ್ಪತ್ತಲ್ಲ ಟೀಚರ್, ಎಪ್ಪತ್ತೆರಡು. ನಾನೂ ಲೆಕ್ಕ ಹಾಕಿದೀನಿ," ಎಂದರು. ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ಬೇರೆ ಅಪ್ಪಂದಿರು ಕೊಡೋವಷ್ಟು ಕಾಲ ನಾನು ಕೊಡೋಕಾಗಲ್ಲ. ಅದು ಗೊತ್ತಿದ್ದೇ ಹೆತ್ವಿ. ಯಾಕೆ ಅಂತ ನಾನು ಉತ್ತರ ಕೊಡಬೇಕಾದ್ದು ಅವಳಿಗೆ, ನಿಮಗಲ್ಲ."

ಕೋಪವಿರಲಿಲ್ಲ ಆ ಮಾತಿನಲ್ಲಿ. ಕೋಪವಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಎಂದಿನಂತೆ ತಮ್ಮ ಡಬ್ಬಿಯ ಉಪ್ಪಿನಕಾಯಿಯನ್ನು ನನ್ನ ತಟ್ಟೆಯ ಪಕ್ಕಕ್ಕೆ ತಳ್ಳಿದರು.

ಅವರ ಇನ್ನೊಂದು ಗುಣ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಹಳ್ಳಿಗಳ ಶಾಲೆಗಳಲ್ಲಿ ಅರ್ಧ ಊರು ಜೂನ್ ಒಂದನೇ ತಾರೀಖು ಹುಟ್ಟಿದೆ. ಹುಟ್ಟಿದ ದಿನ ತಾಯಿಗೆ ನೆನಪಿಲ್ಲದಿದ್ದರೆ ಮೇಷ್ಟ್ರು ಜೂನ್ ಒಂದು ಎಂದು ಗೀಚಿ ಕೈ ತೊಳೆದುಕೊಳ್ಳುತ್ತಿದ್ದರು. ನನ್ನ ತಾರೀಖೂ ಅದೇ. ಈ ಮನುಷ್ಯ ಹಾಗೆ ಬರೆದವರಲ್ಲ. ದಾಖಲಾತಿಗೆ ಬಂದ ತಾಯಿಯನ್ನು ಕೂರಿಸಿಕೊಂಡು ಕೇಳುತ್ತಾ ಹೋಗುವರು. "ನಾಟಿ ಮುಗಿದಿತ್ತಾ? ಹುಚ್ಚೆಳ್ಳು ಹೂ ಬಿಟ್ಟಿತ್ತಾ? ಗೌರಿ ಹಬ್ಬಕ್ಕೆ ನೀನು ಬಸುರಿನೋ ಬಾಣಂತಿನೋ?" ಅರ್ಧ ಗಂಟೆಯಾದರೂ ಸರಿ, ತಾರೀಖಿನ ಹತ್ತಿರಕ್ಕೆ ಹೋಗಿಯೇ ಬಿಡುವುದು. ದಾಖಲಾತಿ ರಿಜಿಸ್ಟರಿನಲ್ಲಿ ಮೊದಲು ಪೆನ್ಸಿಲ್ಲಿನಲ್ಲಿ ಬರೆಯುವರು, ಗಟ್ಟಿಯಾಗಿ ಓದಿ ಹೇಳುವರು, ಹೆತ್ತವರು ಹೂಂ ಎಂದ ಮೇಲೆ ಇಂಕು. ಇಂಕಿನ ಮೇಲೆ ತಿದ್ದುವಂತಿಲ್ಲ.

ಒಂದನೇ ಕ್ಲಾಸಿಗೆ ಜೂನ್ ಒಂದಕ್ಕೆ ಐದು ವರ್ಷ ಹತ್ತು ತಿಂಗಳು ತುಂಬಿರಬೇಕಿತ್ತು. ನನ್ನ ಅಕ್ಕನ ಮಗನಿಗೆ ಹನ್ನೆರಡು ದಿನ ಕಡಿಮೆಯಿತ್ತು. ನಾನೇ ಹೋಗಿ ಕೇಳಿದೆ, ಸಾರ್, ಹನ್ನೆರಡೇ ದಿನ ಎಂದು. "ಮಗೀನ ವಯಸ್ಸಿಗೆ ಕೈ ಹಾಕೋಕೆ ನಾವ್ಯಾರು ಟೀಚರ್?" ಎಂದು ರಿಜಿಸ್ಟರು ಮುಚ್ಚಿದರು. ಅಕ್ಕ ದೀಪಾವಳಿಯವರೆಗೆ ನನ್ನ ಜೊತೆ ಮಾತು ಬಿಟ್ಟಳು.

ಅವರು ರಿಟೈರಾದಾಗ ಮಗಳಿಗೆ ಎರಡು ವರ್ಷ. ಅವರ ಜಾಗಕ್ಕೆ ಬಂದವರು ವರ್ಗವಾಗಿ ಹೋದರು, ಇನ್‌ಚಾರ್ಜು ನನ್ನ ತಲೆಗೆ ಬಂತು. ಮುಂದೆ ಒಂದು ಜೂನ್ ತಿಂಗಳು, ಶಾಲೆ ಶುರುವಾದ ವಾರ, ಹೆಡ್‌ಮೇಷ್ಟ್ರು ಎರಡು ಜಡೆಯ ಮಗಳ ಕೈ ಹಿಡಿದುಕೊಂಡು ಬಂದರು. ಅರವತ್ತೊಂದು ದಾಟಿತ್ತು. ಬಸ್‌ಸ್ಟಾಪಿನಿಂದ ಶಾಲೆಗೆ ಬರುವಷ್ಟರಲ್ಲಿ ಎರಡು ಕಡೆ ನಿಂತರಂತೆ, ಮಗಳೇ ಹೇಳಿದಳು. ಹಿಂದಿನ ಚಳಿಗಾಲದಲ್ಲಿ ಎದೆನೋವೆಂದು ಮೈಸೂರಿನ ಆಸ್ಪತ್ರೆಯಲ್ಲಿ ಒಂದು ವಾರ ಇದ್ದು ಬಂದಿದ್ದರು.

"ಮಗಳ್ನ ಒಂದನೇ ಕ್ಲಾಸಿಗೆ ಸೇರಿಸ್ಕೊಳ್ಳಿ ಟೀಚರ್."

"ನರಸೀಪುರದಿಂದ ಇಲ್ಲಿಗಾ ಸಾರ್?"

ಅವರು ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದರು. ಮಗಳು ಹುಟ್ಟಿದ್ದು ಸೆಪ್ಟೆಂಬರಿನಲ್ಲಿ. ಎರಡು ತಿಂಗಳು ಸಾಲುತ್ತಿರಲಿಲ್ಲ. ಟೌನಿನ ಶಾಲೆಯಲ್ಲಿ ಆಸ್ಪತ್ರೆಯ ಜನನ ಪತ್ರ ಕೇಳಿದ್ದರು. ನಮ್ಮಲ್ಲಿ ಆಗ ಅಪ್ಪ ಹೇಳಿದ್ದೇ ತಾರೀಖು.

"ಜುಲೈ ಅಂತ ಬರ್ಕೊಳ್ಳಿ," ಎಂದರು. ಧ್ವನಿ ಅವರದಾಗಿರಲಿಲ್ಲ. "ಒಂದು ವರ್ಷ ಉಳಿಯುತ್ತೆ. ಅವಳು ಹತ್ತನೇ ಕ್ಲಾಸ್ ಪಾಸಾಗೋದನ್ನಾದ್ರೂ ನೋಡ್ಕೊಂಡು ಹೋಗ್ತೀನಿ."

ನನ್ನೆದುರು ಕೈಕಟ್ಟಿ ನಿಂತ ಆ ಮನುಷ್ಯನನ್ನು ನೋಡಲಾಗಲಿಲ್ಲ. ನಿಜ ಹೇಳಬೇಕೆಂದರೆ, ಅಕ್ಕನ ಮಗನ ಹನ್ನೆರಡು ದಿನವೂ ನೆನಪಾಯಿತು. ಪೆನ್ಸಿಲ್ ತೆಗೆದು ಜುಲೈ ಎಂದು ಬರೆದೆ. ಅವರು ಕಲಿಸಿದಂತೆಯೇ ಗಟ್ಟಿಯಾಗಿ ಓದಿದೆ. ಅವರು ಹೂಂ ಎಂದರು. ಪಕ್ಕದಲ್ಲಿ ನಿಂತ ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಇಂಕು ಮುಗಿದಿದೆ ಸಾರ್, ನಾಳೆ ಬರೀತೀನಿ," ಎಂದೆ. ಇಂಕಿನ ಬಾಟಲಿ ಮೇಜಿನ ಮೇಲೇ ಇತ್ತು, ತುಂಬಿತ್ತು. ಅವರಿಗೂ ಕಂಡಿತು. ಅದು ನಾನು ಮಾಡಿದ ಉಪಕಾರವೋ, ಹಳೆಯ ಸೇಡೋ, ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಮರುದಿನ ನಾನು ಹೋಗುವ ಮೊದಲೇ ಶಾಲೆಯ ಜಗಲಿಯ ಮೇಲೆ ಕೂತಿದ್ದರು, ಒಬ್ಬರೇ.

"ಇಂಕು ತಂದ್ರಾ?"

"ಇಲ್ಲ ಸಾರ್."

"ಒಳ್ಳೇದಾಯ್ತು. ನಿನ್ನೆ ಬಸ್ಸಲ್ಲಿ ಕಂಡಕ್ಟರು ಕೇಳ್ದ, ಪಾಪುಗೆ ಎಷ್ಟು ವಯಸ್ಸು ಅಂತ. ಇವಳು ನನ್ನ ಕಡೆ ತಿರುಗಿ, ನಿಜದ್ದು ಹೇಳ್ಲಾ ಅಪ್ಪ, ಬರೆಸಿದ್ದು ಹೇಳ್ಲಾ ಅಂದ್ಲು. ಬಸ್ಸಿಗೆ ಬಸ್ಸೇ ನಕ್ತು." ಅವರು ನಗಲಿಲ್ಲ. "ನನ್ನ ವಯಸ್ಸಿನ ಕೊರತೇನ ಅವಳ ವಯಸ್ಸಿಂದ ತುಂಬ್ಕೊಳ್ಳೋಕೆ ಹೋದೆ ಟೀಚರ್. ತಡವಾಗಿ ಹುಟ್ಸಿದ್ದು ನಾನು. ಅವಸರ ಪಡಬೇಕಾದ್ದು ಅವಳಾ?"

ರಿಜಿಸ್ಟರು ತೆಗೆದುಕೊಟ್ಟೆ. ಜೇಬಿನಿಂದ ತಮ್ಮದೇ ರಬ್ಬರು ತೆಗೆದು ಆ ಸಾಲನ್ನು ತಾವೇ ಅಳಿಸಿದರು, ಪುಡಿಯನ್ನು ಊದಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮ ಅಕ್ಕನ ಮಗ ಹೇಗೆ ಓದ್ತಿದಾನೆ?" ಎಂದು ಕೇಳಿದರು. ಅವರಿಗೂ ನೆನಪಿತ್ತು ಎಂದು ಆಗ ಗೊತ್ತಾಯಿತು. ಚೆನ್ನಾಗಿ ಓದುತ್ತಿದ್ದಾನೆ ಎಂದೆ. ಅದು ಸುಳ್ಳಲ್ಲ.

ಮಗಳು ಮುಂದಿನ ವರ್ಷ ನರಸೀಪುರದಲ್ಲೇ, ನಿಜದ ತಾರೀಖಿಗೆ ಶಾಲೆ ಸೇರಿದಳು. ವರ್ಷಕ್ಕೊಮ್ಮೆ ನಾನು ಅವರ ಮನೆಗೆ ಹೋಗಿ ಬರುತ್ತಿದ್ದೆ. ಪ್ರತಿ ಸಲವೂ ಅಂದು ಸ್ಟಾಫ್ ರೂಮಿನಲ್ಲಿ ಆಡಿದ್ದಕ್ಕೆ ಕ್ಷಮೆ ಕೇಳಬೇಕೆಂದು ಹೊರಡುವುದು, ಅವರ ಹೆಂಡತಿ ಕೊಟ್ಟ ಕಾಫಿ ಕುಡಿದು ಕೇಳದೆಯೇ ವಾಪಸ್ಸು ಬರುವುದು.

ಮಗಳು ಹತ್ತನೇ ಕ್ಲಾಸಿಗೆ ಕಾಲಿಟ್ಟ ಎರಡನೇ ತಿಂಗಳು ಹೆಡ್‌ಮೇಷ್ಟ್ರು ತೀರಿಕೊಂಡರು. ಎಪ್ಪತ್ತೆರಡು ತುಂಬಿರಲಿಲ್ಲ. ತಿಥಿಯ ದಿನ ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಕೂತರು. ನನ್ನ ತಲೆಯಲ್ಲಿ ಒಂದೇ ಲೆಕ್ಕ ಸುತ್ತುತ್ತಿತ್ತು: ಅವತ್ತು ಇಂಕಿನಲ್ಲಿ ಬರೆದಿದ್ದರೆ ಈ ಹುಡುಗಿಯ ರಿಸಲ್ಟು ಎರಡು ತಿಂಗಳ ಹಿಂದೆಯೇ ಬಂದಿರುತ್ತಿತ್ತು, ಅವರು ನೋಡಿರುತ್ತಿದ್ದರು.

ಹುಡುಗಿ ಬಂದು ಪಕ್ಕದಲ್ಲಿ ಕೂತಳು. ಅಪ್ಪ ಆ ಪೆನ್ಸಿಲ್ಲಿನ ಕತೆಯನ್ನು ತಮ್ಮ ಮೇಲೆ ತಾವೇ ನಗುತ್ತಾ ಅವಳಿಗೆ ಎಷ್ಟೋ ಸಲ ಹೇಳಿದ್ದರಂತೆ.

"ಅವತ್ತು ನೀವು ಇಂಕಲ್ಲಿ ಬರೆದುಬಿಟ್ಟಿದ್ರೆ ಅಪ್ಪ ನನ್ನ ರಿಸಲ್ಟ್ ನೋಡ್ತಿದ್ರು, ಅಲ್ವಾ ಟೀಚರ್?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೂಂ ಎಂದೆ.

ಅವಳು ಲಂಗದ ಅಂಚು ಮಡಿಸಿದಳು. "ಆದ್ರೆ ಆ ಒಂದು ವರ್ಷ ನಂಗೆ ಸ್ಕೂಲೇ ಇರ್ಲಿಲ್ಲ. ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಅಪ್ಪ ನಂಗೊಬ್ಳಿಗೇ. ಸೈಕಲ್ ಮೇಲೆ ಕೂರಿಸ್ಕೊಂಡು ಹೊಳೆ ಹತ್ರ ಕರ್ಕೊಂಡ್ ಹೋಗೋರು. ಒಂದೇ ದೋಸೆ ತಗೊಂಡು ಇಬ್ರೂ ತಿನ್ನೋದು. ನನ್ನ ಫ್ರೆಂಡ್ಸ್ ಯಾರ ಅಪ್ಪಾನೂ ಹಂಗೆ ಮನೇಲಿರ್ಲಿಲ್ಲ." ಕಣ್ಣೊರೆಸಿಕೊಂಡಳು. "ರಿಸಲ್ಟ್ ಅಮ್ಮ ನೋಡ್ತಾರೆ ಬಿಡಿ."

ಯಾಕೆ ಹೆತ್ತೆವು ಎಂಬ ಉತ್ತರ ಕೊಡಬೇಕಾದ್ದು ಅವಳಿಗೆ ಎಂದಿದ್ದರು ಹೆಡ್‌ಮೇಷ್ಟ್ರು. ಕೊಟ್ಟಿದ್ದರು, ಅವಳಿಗೆ ತಲುಪಿಯೂ ಇತ್ತು. ಅವರಲ್ಲಿ ಕೇಳಬೇಕಾಗಿದ್ದ ಕ್ಷಮೆಯನ್ನು ನಾನು ಅವತ್ತು ಆ ಹುಡುಗಿಯ ಹತ್ತಿರ ಕೇಳಿದೆ. ಯಾತಕ್ಕೆ ಎಂದು ಅವಳು ಕೇಳಲಿಲ್ಲ, ಎದ್ದು ಹೋಗಿ ನನಗೆ ಎಲೆ ಹಾಕಿ ಬಡಿಸಿದಳು.